ಹಡಗಿನ ಭಂಡಾರಿ

ಭಂಡಾರಿ ಎಂದೊಡನೆ ಕನ್ನಡಿಗರ ನೆನಪಿಗೆ ಬರುವವರು ಬಸವಣ್ಣನವರು. ಬಿಜ್ಜಳನ ಬೊಕ್ಕಸ ಅವರ ವಶದಲ್ಲಿತ್ತು. ಭಂಡಾರಿ ಬಸವಣ್ಣನೆಂದೇ ಅವರಿಗೆ ಹೆಸರಾಯಿತು. ಆದರೆ ಅರಬ್ಬೀ ಸಮುದ್ರದಲ್ಲಿ ಓಡಾಡುತ್ತಿದ್ದ ಹಡಗುಗಳ ಮೇಲೆ ಈ ಮಾತಿಗೆ ಬೇರೊಂದು ಅರ್ಥವಿತ್ತು. ಅಲ್ಲಿ ನಾಖುದಾ ಎಂದರೆ ಹಡಗಿನ ನಾಯಕ, ಸಾರಂಗನೆಂದರೆ ಆಳುಗಳ ಮುಖಂಡ, ಖಲಾಸಿಯೆಂದರೆ ಹಗ್ಗ ಹಿಡಿದು ಹಾಯಿ ಎಳೆಯುವವನು. ಭಂಡಾರಿ ಎಂದರೆ ಅಡುಗೆಯವನು! ಅಕ್ಕಿ, ಸೌದೆ, ಉಪ್ಪು ಎಲ್ಲವೂ ಅವನ ಸುಪರ್ದಿನಲ್ಲಿರುತ್ತಿದ್ದುದರಿಂದ ಆ ಹೆಸರು ಬಂದಿರಬೇಕು. ದಡ ಕಣ್ಮರೆಯಾದ ಮೇಲೆ ಹಡಗಿನಲ್ಲಿ ಅವುಗಳಿಗಿಂತ ಬೆಲೆಯುಳ್ಳ ಭಂಡಾರ ಮತ್ತಾವುದು? ಕನ್ನಡದ ಅಧ್ಯಾಪಕನಾದ ನನಗೆ ಈ ಒಂದು ಪದ ಒಂದು ಶಾಸನದಷ್ಟು ಮಾತನಾಡುವಂತೆ ತೋರುತ್ತದೆ.

ನಮ್ಮ ಇತಿಹಾಸದ ಪುಸ್ತಕಗಳು ಹಡಗಿನ ಹೊಟ್ಟೆಯಲ್ಲಿ ಏನಿತ್ತೆಂಬುದನ್ನು ವಿವರವಾಗಿ ಹೇಳುತ್ತವೆ. ಮೆಣಸು, ಏಲಕ್ಕಿ, ಶುಂಠಿ, ಕುದುರೆ, ಮುತ್ತು — ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ಈ ಪಟ್ಟಿಯನ್ನು ನೂರಾರು ಸಲ ಓದಿದ್ದೇನೆ. ಹಡಗಿನವರ ಹೊಟ್ಟೆಗೆ ಏನಿತ್ತೆಂಬುದನ್ನು ಮಾತ್ರ ಯಾರೂ ಬರೆಯುವುದಿಲ್ಲ. ತಿಂಗಳುಗಟ್ಟಲೆ ನೀರಿನ ಮೇಲೆ ಬಾಳಿದ ಜನ ಗಾಳಿ ಕುಡಿದು ಬದುಕಲಿಲ್ಲವಷ್ಟೆ.

ಮಡಿಕೇರಿಯ ಮಂಜಿನಲ್ಲಿ ಕುಳಿತು ಕಡಲ ಅಡುಗೆಯ ಮಾತೇಕೆ ಎಂದು ಓದುಗರು ಕೇಳಬಹುದು. ಕೊಡಗಿನ ಮಳೆಯೆಲ್ಲ ಕಾವೇರಿಯ ಪಾಲಲ್ಲ. ಪಯಸ್ವಿನಿಯಾಗಿ ಕಾಸರಗೋಡಿನತ್ತ, ಬಾರಾಪೊಳೆಯಾಗಿ ಕಣ್ಣೂರಿನತ್ತ ಹರಿದು ಪಡುವಣ ಕಡಲನ್ನು ಸೇರುವ ನೀರೂ ಉಂಟು. ನೀರಿನ ಹಾದಿಯಲ್ಲೇ ಅಕ್ಕಿಯೂ ಇಳಿಯುತ್ತಿತ್ತು. ಕಾಫಿ ಬರುವುದಕ್ಕೆ ಮೊದಲು ಕೊಡಗಿನಿಂದ ಹೊರಗೆ ಹೋಗುತ್ತಿದ್ದ ಮುಖ್ಯ ಪದಾರ್ಥವೆಂದರೆ ಅಕ್ಕಿಯೇ. ವಿರಾಜಪೇಟೆಯಿಂದ ಪೆರುಂಬಾಡಿ ಕಣಿವೆಯನ್ನು ಇಳಿದು ಎತ್ತುಗಳ ಬೆನ್ನಮೇಲೆ ಅದು ಮಲಬಾರಿನ ರೇವುಗಳಿಗೆ ಹೋಗುತ್ತಿತ್ತು. ಅದೇ ಎತ್ತುಗಳು ಉಪ್ಪನ್ನು ಹೊತ್ತು ಘಟ್ಟ ಹತ್ತುತ್ತಿದ್ದವು. ಇತ್ತ ಸಂಪಾಜೆಯ ದಾರಿ ಮಂಗಳೂರಿಗೆ. ಹೀಗೆ ಇಳಿದ ಅಕ್ಕಿಯಲ್ಲಿ ಒಂದು ಪಾಲಾದರೂ ಹಡಗಿನ ಭಂಡಾರಿಯ ಮಡಕೆಯಲ್ಲಿ ಬೆಂದಿರಲೇಬೇಕು.

ಕರಾವಳಿಯ ಅಕ್ಕಿಯ ಬಗ್ಗೆ ಒಳ್ಳೆಯ ಸಾಕ್ಷಿ 1516ರ ಸುಮಾರಿಗೆ ಬರೆದ ಪೋರ್ಚುಗೀಸ್ ಬರಹಗಾರ ದುವಾರ್ತೆ ಬಾರ್ಬೋಸನದು. ತುಳುನಾಡಿನಲ್ಲಿ ನಾಲ್ಕು ತರದ ಅಕ್ಕಿಯುಂಟೆಂದು ಆತ ಅವುಗಳ ಹೆಸರನ್ನೂ ಕೊಡುತ್ತಾನೆ. ಪರದೇಶಿಯ ನಾಲಗೆಯಲ್ಲಿ ಆ ಹೆಸರುಗಳು ತಿರುಚಿಹೋಗಿದ್ದರೂ ಜೀರಸಾಲೆ, ಪಚ್ಚರಿಗಳ ಗುರುತು ಹತ್ತುತ್ತದೆ. ಅಕ್ಕಿಯನ್ನು ದುಂಡಗೆ, ಹುಲ್ಲಿನಲ್ಲಿ ಸುತ್ತಿ ಕಟ್ಟುತ್ತಾರೆಂದು ಅವನು ಬರೆದದ್ದನ್ನು ಓದಿದಾಗ ದಕ್ಷಿಣ ಕನ್ನಡದವರು ನಗುತ್ತಾರೆ — ಅದು 42 ಸೇರಿನ ಅಕ್ಕಿಮುಡಿಯಲ್ಲದೆ ಬೇರೇನು! ಮುಡಿಯೊಳಗಿನ ಅಕ್ಕಿ ಮಳೆಗಾಲವೆಲ್ಲ ಕೆಡದೆ ಉಳಿಯುತ್ತದೆ. ಮಂಗಳೂರಿನಲ್ಲಿ ಹಡಗುಗಳು ಕರಿಯ ಅಕ್ಕಿಯನ್ನು ತುಂಬಿಕೊಳ್ಳುತ್ತವೆ, ಅದು ಬಿಳಿಯ ಅಕ್ಕಿಗಿಂತ ಮೈಗೆ ಹಿತ ಎಂದೂ ಅವನ ಮಾತು. ಕರಾವಳಿಯ ಕೆಂಪು ಕುಚ್ಚಲಕ್ಕಿಯನ್ನೇ ಅವನು ಹೀಗೆ ಕರೆದನೆಂದು ನನ್ನ ಊಹೆ. ಗಂಜಿಗೆ ಅದಕ್ಕಿಂತ ಮಿಗಿಲಾದುದಿಲ್ಲ. ಒಂದು ಮಡಕೆ, ಒಂದು ಬೆಂಕಿ, ಬದಿಗೆ ಉಪ್ಪಿನಕಾಯಿ ಅಥವಾ ಸುಟ್ಟ ಒಣಮೀನು. ತೂಗಾಡುವ ಹಲಗೆಯ ಮೇಲೆ ಇದಕ್ಕಿಂತ ಹೆಚ್ಚಿನ ಅಡುಗೆಯನ್ನು ಮಾಡುವವರ ಧೈರ್ಯ ದೊಡ್ಡದು.

ಒಲೆಯ ಮಾತನ್ನೂ ಹೇಳಬೇಕು. ತೆಂಗಿನ ನಾರಿನ ಹಗ್ಗ, ಎಣ್ಣೆ ಕುಡಿದ ಮರ, ಒಣಗಿದ ಹಾಯಿಬಟ್ಟೆ ಇವುಗಳ ನಡುವೆ ಬೆಂಕಿಯಿಡುವುದೆಂದರೆ ಹುಡುಗಾಟವಲ್ಲ. ಅದಕ್ಕಾಗಿ ಮರದ ಪೆಟ್ಟಿಗೆಯೊಂದರಲ್ಲಿ ಮಣ್ಣನ್ನೋ ಮರಳನ್ನೋ ತುಂಬಿ, ಮೇಲಟ್ಟದ ಮೇಲೆ ಅದನ್ನೇ ಒಲೆಯಾಗಿ ಇಟ್ಟುಕೊಳ್ಳುತ್ತಿದ್ದರು. ನೆಲವನ್ನು ಬಿಟ್ಟು ಹೊರಟವರು ಒಂದು ಪೆಟ್ಟಿಗೆ ನೆಲವನ್ನು ಜೊತೆಗೆ ಒಯ್ಯುತ್ತಿದ್ದರೆಂದು ಹೇಳಬಹುದು. 1938–39ರಲ್ಲಿ ಕುವೈತಿನ ಹಾಯಿಹಡಗೊಂದರಲ್ಲಿ ಅರಬರೊಡನೆ ಬಾಳಿದ ಆಸ್ಟ್ರೇಲಿಯದ ನಾವಿಕ ಅಲನ್ ವಿಲಿಯರ್ಸ್ ಇಂಥ ಬದುಕನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ಕುವೈತಿನ ಹಡಗುಗಳು ಖರ್ಜೂರವನ್ನು ತಂದು ಮರ, ಹಗ್ಗಗಳನ್ನು ಕೊಂಡೊಯ್ಯಲು ಮಂಗಳೂರಿಗೂ ಬರುತ್ತಿದ್ದವು. ಕಡಲು ಕೆರಳಿದ ದಿನ ಒಲೆ ಹತ್ತುವಂತಿರಲಿಲ್ಲ. ಅಂಥ ದಿನಕ್ಕೆ ಅವಲಕ್ಕಿ, ಬೆಲ್ಲ, ತೆಂಗಿನಕಾಯಿಗಳಿಗಿಂತ ಒಳ್ಳೆಯ ಜೊತೆಯುಂಟೆ?

ಇನ್ನು ಪ್ರಯಾಣಿಕರು. ಹಡಗಿನ ಒಡೆಯ ಅವರಿಗೆ ಜಾಗ ಕೊಡುತ್ತಿದ್ದ, ಊಟ ಅವರವರ ಗಂಟಿನಲ್ಲಿ. ಇದಕ್ಕೆ ಅಪೂರ್ವವಾದ ಆಧಾರವೊಂದು ನಮ್ಮ ಮಂಗಳೂರಿಗೆ ಸೇರಿದ್ದು, ಸಿಕ್ಕಿದ್ದು ಮಾತ್ರ ಈಜಿಪ್ಟಿನಲ್ಲಿ. ಹಳೆಯ ಕೈರೋದ ಯೆಹೂದಿ ಮಂದಿರದ ಕೋಣೆಯೊಂದರಲ್ಲಿ ಶತಮಾನಗಳ ಕಾಗದಪತ್ರಗಳು ರಾಶಿಬಿದ್ದಿದ್ದವು. ದೇವರ ಹೆಸರಿರುವ ಕಾಗದವನ್ನು ನಾಶ ಮಾಡಬಾರದೆಂಬುದು ಅವರ ನಂಬಿಕೆ. 1896–97ರಲ್ಲಿ ಸಾಲೊಮನ್ ಶೆಕ್ಟರ್ ಎಂಬ ವಿದ್ವಾಂಸ ಅವುಗಳಲ್ಲಿ ಬಹುಪಾಲನ್ನು ಕೇಂಬ್ರಿಜ್‌ಗೆ ಸಾಗಿಸಿದ. ಟ್ಯುನೀಸಿಯದಿಂದ ಹೊರಟು 1132ರ ವೇಳೆಗೆ ಮಂಗಳೂರಿನಲ್ಲಿ ನೆಲೆಸಿ, 1149ರಲ್ಲಿ ಹಿಂದಿರುಗಿದ ಅಬ್ರಹಾಂ ಬೆನ್ ಯಿಜು ಎಂಬ ವರ್ತಕನ ಕಾಗದಗಳು ಅದರಲ್ಲಿದ್ದವು. ಅವುಗಳಲ್ಲೊಂದು ಅವನು ಹಡಗು ಹತ್ತುವಾಗ ಮಾಡಿಕೊಂಡ ಸಾಮಾನಿನ ಪಟ್ಟಿ! ಪೆಟ್ಟಿಗೆ, ಬುಟ್ಟಿ, ಪಾತ್ರೆಪಡಗ, ಅಕ್ಕಿ, ಎಣ್ಣೆ, ಉಪ್ಪಿನಕಾಯಿ — ಮನೆಯನ್ನೇ ಕಟ್ಟಿಕೊಂಡು ಹೊರಟವನ ಪಟ್ಟಿ ಅದು. ಎಲಿಜಬೆತ್ ಲ್ಯಾಂಬರ್ನ್ ಎಂಬ ವಿದುಷಿ ಆ ಒಂದು ಹಾಳೆಯನ್ನೇ ಆಧರಿಸಿ 2018ರಲ್ಲಿ ಒಂದು ದೊಡ್ಡ ಗ್ರಂಥವನ್ನು ಪ್ರಕಟಿಸಿದರು. ಅಡಿಗೆಮನೆಯ ಚೀಟಿಗೆ ಇಂಥ ಭಾಗ್ಯ ಬರುವುದು ಅಪರೂಪ.

ಈ ವರ್ತಕನಿಗೆ ಬೊಮ್ಮ ಎಂಬ ಸೇವಕನಿದ್ದ. ಹೆಸರೇ ಅವನು ನಮ್ಮ ನೆಲದವನೆಂದು ಸಾರುತ್ತದೆ. ಯಜಮಾನನ ಪರವಾಗಿ ಸರಕನ್ನು ಹೊತ್ತು ಆತ ಏಡನ್‌ಗೆ ಹೋಗಿದ್ದುಂಟು. ಅಲ್ಲಿ ಕುಡಿದು ಹಣಕ್ಕಾಗಿ ಪೀಡಿಸಿದನೆಂದು ಯಜಮಾನನಿಗೆ ದೂರು ಬಂದದ್ದೂ ಉಂಟು. ಮುಂದೆ ಅದೇ ಏಡನ್ನಿನ ಗೆಳೆಯರು ತಮ್ಮ ಕಾಗದಗಳಲ್ಲಿ ಬೊಮ್ಮನಿಗೆ ವಿಶೇಷ ವಂದನೆ ತಿಳಿಸುತ್ತಿದ್ದರು. ಅಮಿತಾವ್ ಘೋಷ್ 1992ರ ತಮ್ಮ ಗ್ರಂಥದಲ್ಲಿ ಈ ಬೊಮ್ಮನನ್ನು ಹುಡುಕಿಕೊಂಡು ಮಂಗಳೂರಿನವರೆಗೆ ಬಂದರು. ನನಗೆ ಕುತೂಹಲವಿರುವುದು ಬೇರೆಯದು. ಏಡನ್ನಿನ ದಾರಿಯಲ್ಲಿ ಆತ ಏನುಂಡ? ಯಾರು ಬೇಯಿಸಿದರು? ತನ್ನ ಗಂಜಿಯನ್ನು ತಾನೇ ಕಾಯಿಸಿಕೊಂಡನೆ? ಯಜಮಾನನ ಗಂಟಿನ ಪಟ್ಟಿ ಉಳಿದಿದೆ. ಬೊಮ್ಮನ ಗಂಟಿಗೆ ಪಟ್ಟಿ ಬರೆಯುವವರಿರಲಿಲ್ಲ.

ಎರಡು ನೂರು ವರ್ಷ ಕಳೆದು, 1342ರಲ್ಲಿ, ಮೊರಾಕೊದ ಇಬ್ನ್ ಬತೂತ ಹೊನ್ನಾವರಕ್ಕೆ ಬಂದ. ಅಲ್ಲಿಯ ಸುಲ್ತಾನನ ಊಟವನ್ನು ಆತ ಬಣ್ಣಿಸಿರುವ ರೀತಿಯನ್ನು ಓದಿದರೆ ಬಾಯಲ್ಲಿ ನೀರೂರುತ್ತದೆ. ತಾಮ್ರದ ತಟ್ಟೆಗೆ ಸೌಟಿನಿಂದ ಅನ್ನ, ಮೇಲೆ ತುಪ್ಪ, ಬದಿಗೆ ಹಸಿಮೆಣಸು (ನಮ್ಮ ಕಾಳುಮೆಣಸಿನ ಗೊಂಚಲು, ಮೆಣಸಿನಕಾಯಿ ಬಂದದ್ದು ಪೋರ್ಚುಗೀಸರ ನಂತರ), ಹಸಿಶುಂಠಿ, ನಿಂಬೆ, ಮಾವುಗಳ ಉಪ್ಪಿನಕಾಯಿ, ಆಮೇಲೆ ಕೋಳಿ, ಮೀನು, ಕೊನೆಗೆ ಮೊಸರು. ಹನ್ನೊಂದು ತಿಂಗಳು ರೊಟ್ಟಿಯ ಮುಖ ಕಾಣದೆ ಅನ್ನದಲ್ಲೇ ಇದ್ದೆನೆಂದು ಪಾಪ ಆತ ಪೇಚಾಡುತ್ತಾನೆ. ಮುಂದೆ ಕಲ್ಲಿಕೋಟೆಯಲ್ಲಿ ಚೀನದ ದೊಡ್ಡ ಹಡಗುಗಳನ್ನು ಕಂಡಾಗ ಇನ್ನೊಂದು ಸಂಗತಿ ಬರೆದ. ಆ ಹಡಗುಗಳಲ್ಲಿ ನಾವಿಕರ ಮಕ್ಕಳೂ ವಾಸವಾಗಿರುತ್ತಾರೆ; ಮರದ ತೊಟ್ಟಿಗಳಲ್ಲಿ ಸೊಪ್ಪು, ತರಕಾರಿ, ಶುಂಠಿಗಳನ್ನು ಬೆಳೆಸಿಕೊಳ್ಳುತ್ತಾರೆ. ಒಲೆಯ ಪೆಟ್ಟಿಗೆಯಷ್ಟೇ ಅಲ್ಲ, ಹಿತ್ತಲನ್ನೂ ಹಡಗಿಗೆ ಏರಿಸಿದ ಜನ!

ಆ ತೊಟ್ಟಿಯ ಸೊಪ್ಪಿನ ಬೆಲೆ ಎಷ್ಟೆಂದು ಯುರೋಪಿನವರು ಕಲಿತದ್ದು ಹೆಣಗಳ ಲೆಕ್ಕದಲ್ಲಿ. ವಾಸ್ಕೊ ಡ ಗಾಮ 1498ರಲ್ಲಿ ಆಫ್ರಿಕದ ಮಾಲಿಂದಿಯಿಂದ ಕಲ್ಲಿಕೋಟೆಗೆ ಬಂದಾಗ ದಾರಿ ಬಲ್ಲವನೊಬ್ಬ ಜೊತೆಯಲ್ಲಿದ್ದ, ಗಾಳಿಯೂ ಅನುಕೂಲವಾಗಿತ್ತು. ಒಂದು ತಿಂಗಳೂ ಹಿಡಿಯಲಿಲ್ಲ. ಹಿಂದಿರುಗುವಾಗ ಕಾರವಾರದೆದುರಿನ ಅಂಜದೀವ ದ್ವೀಪದಲ್ಲಿ ನೀರು ತುಂಬಿಕೊಂಡು ಅಕ್ಟೋಬರ್ 5ರಂದು ಹೊರಟ. ಗಾಳಿಯ ಕಾಲ ಇನ್ನೂ ಬಂದಿರಲಿಲ್ಲ. ಆಫ್ರಿಕದ ದಡ ಕಂಡದ್ದು ಮರುವರ್ಷ ಜನವರಿ 2ರಂದು. ಈ ಮೂರು ತಿಂಗಳಲ್ಲಿ ಒಸಡು ಊದಿ, ಕಾಲು ಬಾತು, ಸುಮಾರು 30 ಮಂದಿ ಸತ್ತರು. ಮಾಲಿಂದಿಯನ್ನು ತಲುಪಿದಾಗ ರೋಗಿಗಳು ಬೇಡಿದ್ದು ಕಿತ್ತಳೆಹಣ್ಣನ್ನು. ಕೊಡಗಿನ ಕಿತ್ತಳೆಯ ನಾಲ್ಕು ಬುಟ್ಟಿ ಆ ಹಡಗಿನಲ್ಲಿದ್ದಿದ್ದರೆ ಎಂದು ನಮ್ಮಂಥವರಿಗೆ ಅನಿಸದೆ ಇರದು. ಹಣ್ಣಿನ ಹುಳಿಗೂ ಈ ರೋಗಕ್ಕೂ ಇರುವ ಸಂಬಂಧವನ್ನು ಜೇಮ್ಸ್ ಲಿಂಡ್ ಎಂಬ ವೈದ್ಯ ಪ್ರಯೋಗ ಮಾಡಿ ತೋರಿಸಿದ್ದು 1747ರಲ್ಲಿ. ನಮ್ಮ ಕರಾವಳಿಯವರಿಗೆ ಈ ವೈದ್ಯಶಾಸ್ತ್ರ ಗೊತ್ತಿತ್ತೆಂದು ನಾನು ಹೆಮ್ಮೆ ಕೊಚ್ಚಲಾರೆ. ಅವರಿಗೆ ಗೊತ್ತಿದ್ದುದು ಗಾಳಿ. ಮಳೆಗಾಲದಲ್ಲಿ ಹಡಗನ್ನು ದಡಕ್ಕೆಳೆದು, ಶ್ರಾವಣದ ಹುಣ್ಣಿಮೆಗೆ ಸಮುದ್ರಪೂಜೆ ಮಾಡಿ, ಋತು ನೋಡಿ ಹಾಯಿ ಬಿಚ್ಚುವವರು ಬೇಡದಷ್ಟು ದಿನ ಕಡಲಲ್ಲಿ ಇರುತ್ತಿರಲಿಲ್ಲ.

ಒಳ್ಳೆಯ ಋತುವಿನಲ್ಲಿಯೂ ಅದು ಸುಖದ ಬಾಳಲ್ಲ. ವಿಜಯನಗರಕ್ಕೆ ರಾಯಭಾರಿಯಾಗಿ ಬಂದ ಅಬ್ದುರ್ ರಜಾಕ್ ಹಾರ್ಮುಜ್‌ನಲ್ಲಿ ಹಡಗನ್ನೇರಿದಾಗ ಅದರ ನಾತಕ್ಕೂ ಕಡಲ ಭಯಕ್ಕೂ ಮೂರು ದಿನ ಮೈಮೇಲೆ ಎಚ್ಚರವಿಲ್ಲದೆ ಬಿದ್ದಿದ್ದ. 1444ರಲ್ಲಿ ಹೊನ್ನಾವರದಿಂದ ಹಾರ್ಮುಜ್‌ಗೆ ಅವನ ಮರುಪ್ರಯಾಣ ಹಿಡಿದದ್ದು 65 ದಿನ.

ಮಡಿಯವರ ಕಷ್ಟ ಇನ್ನೊಂದು ಬಗೆಯದು. ಬೌಧಾಯನ ಧರ್ಮಸೂತ್ರ ಸಮುದ್ರಯಾನವನ್ನು ಪತನಕ್ಕೆ ಕಾರಣವಾಗುವ ಕರ್ಮಗಳಲ್ಲಿ ಎಣಿಸಿದೆ. ಶಾಸ್ತ್ರದ ಕೋಪ ಅಲೆಯ ಮೇಲೋ, ಹಡಗಿನ ಒಲೆಯ ಮೇಲೋ ಎಂದು ನನಗೆ ಸಂಶಯ. ಯಾರು ಮುಟ್ಟಿದ ನೀರು, ಯಾರು ಬೇಯಿಸಿದ ಅನ್ನ ಎಂಬ ಪ್ರಶ್ನೆಗೆ ಹತ್ತು ಮಾರು ಹಲಗೆಯ ಮೇಲೆ ಉತ್ತರ ಕಷ್ಟ. ರಾಜಾ ರಾಮಮೋಹನ ರಾಯರು 1830ರ ನವೆಂಬರಿನಲ್ಲಿ ‘ಆಲ್ಬಿಯನ್’ ಎಂಬ ಹಾಯಿಹಡಗಿನಲ್ಲಿ ಇಂಗ್ಲೆಂಡಿಗೆ ಹೊರಟಾಗ ಅಡುಗೆಯವನನ್ನೂ ಹಾಲಿಗಾಗಿ ಹಸುಗಳನ್ನೂ ಜೊತೆಗೆ ಕರೆದೊಯ್ದರು. ಬೇರೆ ಅಡಿಗೆಮನೆ ಎಲ್ಲಿಂದ ಬರಬೇಕು? ಮಣ್ಣಿನ ಒಲೆಯೊಂದೇ ಗತಿ. ಲಿವರ್‌ಪೂಲ್ ತಲುಪಿದ್ದು ಮರುವರ್ಷ ಏಪ್ರಿಲಿನಲ್ಲಿ. ನಮ್ಮ ಚಿಕ್ಕವೀರರಾಜೇಂದ್ರ ಮಗಳು ಗೌರಮ್ಮನೊಡನೆ 1852ರಲ್ಲಿ ಅದೇ ಇಂಗ್ಲೆಂಡಿಗೆ ಹೋಗುವ ಹೊತ್ತಿಗೆ ಉಗಿಹಡಗಿನ ಕಾಲ ಬಂದಿತ್ತು.

ಕರಾವಳಿಯ ಮಂಜಿ, ಪತ್ತೇಮಾರಿಗಳು ಮಾತ್ರ ಉಗಿಗೆ ಅಷ್ಟು ಬೇಗ ಸೋಲಲಿಲ್ಲ. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಅವುಗಳಿಗೆ ಹೊಸ ಸರಕು ಸಿಕ್ಕಿತು. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್ ಮೊದಲಾದ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವೆಂಬುದು ಇಂದಿನ ಎಷ್ಟು ಕನ್ನಡಿಗರಿಗೆ ಗೊತ್ತು? ಅಲ್ಲಿ ತೆಂಗು ಬೆಳೆಯುತ್ತದೆ, ಭತ್ತ ಬೆಳೆಯುವುದಿಲ್ಲ. ದ್ವೀಪದವರು ‘ಓಡಂ’ ಎಂಬ ತಮ್ಮ ಹಾಯಿದೋಣಿಗಳಲ್ಲಿ ನಾರಿನ ಹಗ್ಗವನ್ನು ತುಂಬಿ ಮಂಗಳೂರಿಗೆ ಬರುತ್ತಿದ್ದರು. ಸರ್ಕಾರ ಹಗ್ಗವನ್ನು ಕೊಂಡು ಅಕ್ಕಿಯನ್ನು ಕೊಡುತ್ತಿತ್ತು. ಹೆಂಗಸರು ಹೊಸೆದ ಹಗ್ಗ ಇಲ್ಲಿ ಅನ್ನವಾಗುತ್ತಿತ್ತು. ಓಡಂ ತಡವಾದರೆ ದ್ವೀಪದ ಮನೆಮನೆಯ ಮಡಕೆ ಬರಿದು. ಇತಿಹಾಸವೆಂದು ಇದಕ್ಕಿಂತ ಹೆಚ್ಚಿನದನ್ನು ಯಾವ ಯುದ್ಧದಲ್ಲಿ ಓದಬೇಕು?

ಹಾಯಿ ಪೂರ್ತಿ ಮರೆಯಾಗಿಲ್ಲ. ನೌಕಾದಳದ ಆರು ಮಂದಿ ತರುಣಿಯರು ‘ತಾರಿಣಿ’ ಎಂಬ ಪುಟ್ಟ ಹಾಯಿನೌಕೆಯಲ್ಲಿ 2017ರ ಸೆಪ್ಟೆಂಬರಿನಲ್ಲಿ ಗೋವೆಯಿಂದ ಹೊರಟು ಪ್ರಪಂಚವನ್ನು ಸುತ್ತಿ 2018ರ ಮೇ ತಿಂಗಳಲ್ಲಿ ಮರಳಿದರು. ಮೊಳೆ ಹೊಡೆಯದೆ, ನಾರಿನ ಹಗ್ಗದಿಂದಲೇ ಹಲಗೆ ಹೊಲಿದು ಕಟ್ಟಿದ ‘ಕೌಂಡಿನ್ಯ’ ನೌಕಾದಳಕ್ಕೆ ಸೇರಿದ್ದು 2025ರ ಮೇ 21ರಂದು, ನಮ್ಮ ಕಾರವಾರದಲ್ಲಿ. ಮಂಗಳೂರಿನ ಹಳೆಯ ಬಂದರಿನಿಂದ ಲಕ್ಷದ್ವೀಪಕ್ಕೆ ತರಕಾರಿ, ದಿನಸಿ ಒಯ್ಯುವ ಮಂಜಿಗಳು ಇಂದಿಗೂ ಉಂಟು, ಎಂಜಿನ್ ಮಾತ್ರ ಬಂದಿದೆ.

ಕೊಡಗಿಗೂ ಹಾಯಿಹಡಗು ಒಂದು ರುಚಿಯನ್ನು ಬಿಟ್ಟುಹೋಗಿದೆ. 1869ರಲ್ಲಿ ಸುಯೆಜ್ ಕಾಲುವೆ ತೆರೆಯುವ ಮೊದಲು ನಮ್ಮ ಕಡೆಯ ಕಾಫಿ ಆಫ್ರಿಕದ ತುದಿಯನ್ನು ಬಳಸಿ, ತಿಂಗಳುಗಟ್ಟಲೆ ತೇವದ ಒಡಲಲ್ಲಿ ಕುಳಿತು ಯುರೋಪನ್ನು ಸೇರುತ್ತಿತ್ತು. ಅಷ್ಟರಲ್ಲಿ ಬೀಜ ಉಬ್ಬಿ, ಹಸಿರು ಹೋಗಿ ಹೊಂಬಣ್ಣ ಬಂದು, ಹುಳಿ ಇಳಿದಿರುತ್ತಿತ್ತು. ಯಾವ ಭಂಡಾರಿಯೂ ಮಾಡದ ಆ ಪಾಕವನ್ನು ಕಡಲೇ ಮಾಡುತ್ತಿತ್ತು. ಅಲ್ಲಿಯವರ ನಾಲಗೆಗೆ ಅದೇ ಹತ್ತಿತು. ಉಗಿಹಡಗು ಬೇಗ ಮುಟ್ಟಿಸತೊಡಗಿದಾಗ ಆ ರುಚಿ ಕಾಣೆಯಾಯಿತು, ಕೊಳ್ಳುವವರು ಗೊಣಗಿದರು. ಅದನ್ನು ಮರಳಿ ತರಲು ವರ್ತಕರು ಕಂಡುಕೊಂಡ ದಾರಿಯೇ ‘ಮಾನ್ಸೂನ್ಡ್ ಮಲಬಾರ್’. ಜೂನ್ ಬಂದಿತೆಂದರೆ ಮಂಗಳೂರಿನ ಗೋದಾಮುಗಳಲ್ಲಿ ಗಾಳಿಯಾಡುವಂತೆ ಬಾಗಿಲು ತೆರೆದು, ಬೀಜವನ್ನು ನೆಲದ ಮೇಲೆ ಹರವಿ, ಆಗಾಗ ಕೆದಕುತ್ತಾ, ಚೀಲಕ್ಕೆ ತುಂಬುತ್ತಾ, ಮತ್ತೆ ಸುರಿಯುತ್ತಾ ಸೆಪ್ಟೆಂಬರಿನವರೆಗೆ ಕಡಲ ಗಾಳಿಗೆ ಒಡ್ಡಿರುತ್ತಾರೆ.