ರೋಗಿಯ ಕೈಗೊಂದು ಹಾಳೆ

1918ರಲ್ಲಿ ಬಾಸ್ಟನ್ನಿನ ವೈದ್ಯ ಎಲಿಯಟ್ ಜಾಸ್ಲಿನ್ ಸಕ್ಕರೆ ಕಾಯಿಲೆಯ ಬಗ್ಗೆ ಒಂದು ಕೈಪಿಡಿ ಹೊರತಂದರು. ಅದು ವೈದ್ಯರಿಗೂ ರೋಗಿಗಳಿಗೂ ಎಂದು ಶೀರ್ಷಿಕೆಯಲ್ಲೇ ಸಾರಿದ್ದರು. ಇನ್ಸುಲಿನ್ ಆಗಿನ್ನೂ ಬಂದಿರಲಿಲ್ಲ. ಇದ್ದ ದಾರಿ ಪಥ್ಯವೊಂದೇ. ಹೊತ್ತುಹೊತ್ತಿಗೆ ಆಹಾರ ತೂಗುವುದು, ಮೂತ್ರ ಪರೀಕ್ಷಿಸಿಕೊಳ್ಳುವುದು ರೋಗಿಯೇ ಕಲಿಯಬೇಕಾದ ಕೆಲಸಗಳು. ರೋಗಿಗಾಗಿ ಬರೆಯುವುದು ಉಪಕಾರವಲ್ಲ, ಅದು ಚಿಕಿತ್ಸೆಯದೇ ಒಂದು ಭಾಗ ಎಂದು ಜಾಸ್ಲಿನ್ ಆಗಲೇ ಕಂಡುಕೊಂಡಿದ್ದರು. ವೈದ್ಯಲೋಕ ಇದನ್ನು ಒಪ್ಪಲು ಬಹಳ ಕಾಲ ಹಿಡಿಯಿತು.

ಒಪ್ಪಿಸಿದ್ದು ಹೆಚ್ಚಾಗಿ ಹೆಂಗಸರ ಹೋರಾಟ. ಗರ್ಭನಿರೋಧಕ ಮಾತ್ರೆಗಳ ಅಪಾಯದ ಬಗ್ಗೆ ಬಾರ್ಬರಾ ಸೀಮನ್ 1969ರಲ್ಲಿ ಪುಸ್ತಕ ಬರೆದರು. ಮರುವರ್ಷ ಅಮೆರಿಕದ ಸೆನೆಟ್‌ನಲ್ಲಿ ವಿಚಾರಣೆ ನಡೆದಾಗ, ಮಾತ್ರೆ ನುಂಗುವವರನ್ನೇ ಸಾಕ್ಷಿಗೆ ಕರೆಯಲಿಲ್ಲವೇಕೆ ಎಂದು ಯುವತಿಯರು ಸಭೆಯಲ್ಲೇ ಎದ್ದುನಿಂತು ಕೇಳಿದರು. ಆ ವರ್ಷವೇ ಮಾತ್ರೆಯೊಂದಿಗೆ ರೋಗಿಗಾಗಿ ಒಂದು ಚೀಟಿ ಇರಬೇಕೆಂದು ಸರ್ಕಾರ ಆದೇಶಿಸಿತು. ಮೊದಲ ಕರಡು ವಿಸ್ತಾರವಾಗಿತ್ತು. ವೈದ್ಯರ ಸಂಘ ಮತ್ತು ಔಷಧ ಕಂಪನಿಗಳ ವಿರೋಧದಿಂದ ಅದು ತೀರಾ ಮೊಟಕಾಯಿತು. ಆದರೂ ಬಾಗಿಲು ತೆರೆದಿತ್ತು.

ಹಾಳೆ ಸಿಕ್ಕಿತು ಸರಿ, ಓದಲು ಆಗುತ್ತದೆಯೇ? ವಾಕ್ಯದ ಉದ್ದ, ಪದದ ಉದ್ದ ಎಣಿಸಿ ಬರಹದ ಕಷ್ಟ ಅಳೆಯುವ ಸೂತ್ರವನ್ನು ರುಡಾಲ್ಫ್ ಫ್ಲೆಶ್ 1948ರಲ್ಲೇ ಕೊಟ್ಟಿದ್ದರು. 1969ರಲ್ಲಿ ಮೆಕ್‌ಲಾಗ್ಲಿನ್ ಅವರ 'ಸ್ಮಾಗ್' ಸೂತ್ರ ಬಂತು. 1985ರಲ್ಲಿ ಡೋಕ್ ದಂಪತಿ ಮತ್ತು ಜೇನ್ ರೂಟ್, ಓದು ಕಡಿಮೆ ಬಲ್ಲ ರೋಗಿಗಳಿಗೆ ಕಲಿಸುವ ಬಗೆಯನ್ನೇ ಒಂದು ಪುಸ್ತಕವಾಗಿ ಬರೆದರು. ಈ ಕ್ಷೇತ್ರದ ಅಡಿಪಾಯ ಅದೇ. ಇಂಗ್ಲಿಷಿನ ಈ ಲೆಕ್ಕಗಳನ್ನು ಕನ್ನಡಕ್ಕೆ ಹಾಗೆಯೇ ತರಲಾಗದು. ಪ್ರತ್ಯಯಗಳು ಸೇರಿ ನಮ್ಮ ಕ್ರಿಯಾಪದ ಎಷ್ಟೇ ಉದ್ದವಾದರೂ ಹಳ್ಳಿಯ ಅಜ್ಜಿಗೆ ಅದು ಸಲೀಸು.

ಸುಲಭವಾಗಿ ಓದಿಸಿಕೊಂಡರೂ ಸಾಲದು ಎಂಬುದನ್ನು 2006ರ ಒಂದು ಅಧ್ಯಯನ ತೋರಿಸಿತು. ಅಮೆರಿಕದ ಮೂರು ನಗರಗಳ 395 ರೋಗಿಗಳಿಗೆ ಔಷಧದ ಲೇಬಲ್ಲುಗಳನ್ನು ಓದಿಸಿದರು. 'ಎರಡು ಮಾತ್ರೆ, ದಿನಕ್ಕೆ ಎರಡು ಸಲ' ಎಂಬ ಸೂಚನೆಯನ್ನು ಓದು ಕಡಿಮೆ ಬಲ್ಲವರಲ್ಲಿ ಶೇ. 71ರಷ್ಟು ಮಂದಿ ಸರಿಯಾಗಿ ಹೇಳಿದರು. ಹಾಗಾದರೆ ದಿನಕ್ಕೆ ಎಷ್ಟು ಮಾತ್ರೆ, ಎಣಿಸಿ ತೋರಿಸಿ ಎಂದಾಗ ಸರಿಯಾಗಿ ತೋರಿಸಿದವರು ಶೇ. 35 ಮಾತ್ರ. ನಮ್ಮ ವೈದ್ಯರು ಚೀಟಿಯಲ್ಲಿ ಬರೆಯುವ 1–0–1 ಇದಕ್ಕಿಂತ ಎಷ್ಟೋ ಮೇಲು. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಅದರಲ್ಲಿ ಬೇರೆಬೇರೆಯಾಗಿ ಕಾಣುತ್ತವೆ.

ಓದಿದ್ದು ನಿಜಕ್ಕೂ ಅರ್ಥವಾಯಿತೇ ಎಂದು ತಿಳಿಯುವುದು ಹೇಗೆ? ಇದಕ್ಕೆ ಯುರೋಪ್ ಕಂಡುಕೊಂಡ ಉತ್ತರ ನನಗೆ ಈ ಇಡೀ ಚರಿತ್ರೆಯಲ್ಲೇ ಮುಖ್ಯವೆನಿಸುತ್ತದೆ. ಔಷಧದ ಮಾಹಿತಿ ಚೀಟಿಯನ್ನು ಬಳಕೆದಾರರಿಂದ ಓದಿಸಿ ನೋಡಿಯೇ ಅಂತಿಮಗೊಳಿಸಬೇಕೆಂದು ಅಲ್ಲಿ 2004ರಲ್ಲಿ ಕಾನೂನಾಯಿತು. ಸಾಮಾನ್ಯ ಜನರ ಕೈಗೆ ಚೀಟಿ ಕೊಟ್ಟು, 'ಒಂದು ಹೊತ್ತಿನ ಮಾತ್ರೆ ತಪ್ಪಿದರೆ ಏನು ಮಾಡುತ್ತೀರಿ?' ಎಂಬಂಥ ಪ್ರಶ್ನೆ ಕೇಳುತ್ತಾರೆ. ನೂರಕ್ಕೆ ತೊಂಬತ್ತು ಮಂದಿಗೆ ಉತ್ತರ ಸಿಗಬೇಕು, ಸಿಕ್ಕವರಲ್ಲಿ ತೊಂಬತ್ತರಷ್ಟು ಮಂದಿಗೆ ಅರ್ಥವಾಗಬೇಕು. ಆಗದಿದ್ದರೆ ತಪ್ಪು ಚೀಟಿಯದು, ಓದಿದವರದಲ್ಲ. ಹಾಳೆಯೇ ಇಲ್ಲದೆ ಇದೇ ನ್ಯಾಯವನ್ನು ಪಾಲಿಸಿದ್ದು ಬಾಂಗ್ಲಾದೇಶದ ಬ್ರಾಕ್ ಸಂಸ್ಥೆ. 1980ರ ದಶಕದಲ್ಲಿ ಅದರ ಕಾರ್ಯಕರ್ತೆಯರು ಕೋಟಿಗೂ ಹೆಚ್ಚು ಮನೆಗಳಿಗೆ ಹೋಗಿ, ಭೇದಿಯಾದ ಮಗುವಿಗೆ ಚಿಟಿಕೆ ಉಪ್ಪು, ಹಿಡಿ ಬೆಲ್ಲ ಬೆರೆಸಿದ ನೀರು ಮಾಡುವುದನ್ನು ತಾಯಂದಿರಿಗೆ ಕಲಿಸಿದರು. ತಾಯಂದಿರಿಗೆ ಎಷ್ಟು ನೆನಪು ಉಳಿದಿದೆ ಎಂದು ಪರೀಕ್ಷಿಸಿ, ಅದರ ಮೇಲೆ ಕಾರ್ಯಕರ್ತೆಯರ ಸಂಬಳ ನಿಗದಿಯಾಗುತ್ತಿತ್ತು.

ಕನ್ನಡದಲ್ಲಿ ಬರೆಯುವವರಿಗೆ ಬರವಿರಲಿಲ್ಲ. ಅನುಪಮಾ ನಿರಂಜನರ 'ತಾಯಿ ಮಗು', 'ವಧುವಿಗೆ ಕಿವಿಮಾತು' ಮನೆಮನೆಯಲ್ಲಿ ಓದಿಸಿಕೊಂಡವು. ನಿಮ್ಹಾನ್ಸ್‌ನ ಸಿ. ಆರ್. ಚಂದ್ರಶೇಖರ್ ಮಾನಸಿಕ ಕಾಯಿಲೆಗಳ ಬಗ್ಗೆ ಪುಟ್ಟಪುಟ್ಟ ಪುಸ್ತಕಗಳನ್ನೇ ಬರೆದು ಜನರ ಭಯ ಕಳೆದರು. ಗರ್ಭಿಣಿಯರ ಕೈಯಲ್ಲಿ ತಾಯಿ ಕಾರ್ಡ್ ಇದೆ. ಬೆಂಗಳೂರಿನ ಆಸ್ಪತ್ರೆಯಿಂದ ಹೊರಟ ನೂರಾ ಹೆಲ್ತ್, ರೋಗಿಯ ಜೊತೆ ಬಂದ ಮನೆಯವರಿಗೆ ವಾರ್ಡಿನಲ್ಲೇ ಆರೈಕೆ ಕಲಿಸುತ್ತಿದೆ. ಕೊರತೆ ಇರುವುದು ರೋಗಿ ಮನೆಗೆ ಹೊರಡುವ ದಿನದ ಹಾಳೆಯಲ್ಲಿ. ಡಿಸ್ಚಾರ್ಜ್ ಸಮ್ಮರಿ ಈಗಲೂ ಸಾಮಾನ್ಯವಾಗಿ ಇಂಗ್ಲಿಷಿನಲ್ಲೇ ಇರುತ್ತದೆ. ಕನ್ನಡದಲ್ಲಿ ಕೊಟ್ಟರೂ 'ಶಸ್ತ್ರಚಿಕಿತ್ಸೆಯ ಸ್ಥಳದಲ್ಲಿ ಸೋಂಕಿನ ಲಕ್ಷಣಗಳು ಕಂಡುಬಂದಲ್ಲಿ ವೈದ್ಯರನ್ನು ಸಂಪರ್ಕಿಸತಕ್ಕದ್ದು' ಎಂಬ ಕಚೇರಿ ಭಾಷೆ. 'ಹೊಲಿಗೆ ಹಾಕಿದ ಜಾಗ ಕೆಂಪಾದರೆ, ಕೀವು ಬಂದರೆ, ಚಳಿಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ ಬನ್ನಿ' ಎಂದರೆ ಸಾಕಲ್ಲವೇ? 2011ರ ಜನಗಣತಿಯಂತೆ ರಾಜ್ಯದ ಸಾಕ್ಷರತೆ ಶೇ. 75ರ ಆಸುಪಾಸು. ಓದು ಬಾರದವರಿಗೆ ಚಿತ್ರ ಬೇಕು, ಓದಿ ಹೇಳುವ ನರ್ಸ್ ಬೇಕು.

ಆಸ್ಪತ್ರೆ ನಡೆಸುವವರಲ್ಲಿ, ವೈದ್ಯರಲ್ಲಿ ಒಂದು ಕೋರಿಕೆ. ಮುಂದಿನ ಹಾಳೆಯನ್ನು ಅಚ್ಚಿಗೆ ಕಳಿಸುವ ಮೊದಲು ಹೊರರೋಗಿ ವಿಭಾಗದ ಸಾಲಿನಲ್ಲಿ ನಿಂತಿರುವ ಹತ್ತು ಮಂದಿಗೆ ಅದನ್ನು ಕೊಡಿ, ಓದಿದ ಮೇಲೆ ಮನೆಯಲ್ಲಿ ಏನು ಮಾಡುತ್ತೀರೆಂದು ಕೇಳಿ, ಅವರು ತಡವರಿಸಿದ ಸಾಲನ್ನು ಮತ್ತೆ ಬರೆಯಿರಿ.