ಬಿಎಂಎಕ್ಸ್ ರೇಸ್: ಗೆಲ್ಲುವುದು ಸವಾರನೋ, ಸೈಕಲ್ಲೋ?

ಎಂಟು ಮೀಟರ್ ಎತ್ತರದ ಇಳಿಜಾರಿನ ತುದಿ. ಎಂಟು ಮಂದಿ ಸವಾರರು ಮುಂದಿನ ಚಕ್ರವನ್ನು ಗೇಟಿಗೆ ಒತ್ತಿ, ಎರಡೂ ಪೆಡಲುಗಳ ಮೇಲೆ ನಿಂತು ಕಾಯುತ್ತಿರುತ್ತಾರೆ. ಗೇಟು ಬಿದ್ದ ಮೇಲೆ ಸುಮಾರು ನಲವತ್ತು ಸೆಕೆಂಡುಗಳಲ್ಲಿ ಎಲ್ಲ ಮುಗಿದಿರುತ್ತದೆ. ಒಲಿಂಪಿಕ್ಸ್‌ನ ಬಿಎಂಎಕ್ಸ್ ರೇಸ್ ಎಂದರೆ ಇಷ್ಟೇ. ಇಷ್ಟು ಚಿಕ್ಕ ಓಟದಲ್ಲಿ ಗೆಲ್ಲಿಸುವುದು ಸವಾರನ ಪಳಗಿದ ಮೈಯೋ, ದುಬಾರಿ ಸೈಕಲ್ಲೋ? ಮಕ್ಕಳಿಗೆ ಸೈಕಲ್ ಕೊಡಿಸಲು ಜೇಬು ಮುಟ್ಟಿ ನೋಡಿಕೊಳ್ಳುವ ತಂದೆ ತಾಯಂದಿರಿಗೆ ಇದು ಬರೀ ಕುತೂಹಲದ ಪ್ರಶ್ನೆಯಲ್ಲ.

ಬೈಸಿಕಲ್ ಮೋಟೋಕ್ರಾಸ್ ಎಂಬುದರ ಚುಟುಕು ರೂಪವೇ ಬಿಎಂಎಕ್ಸ್. 1970ರ ಆಸುಪಾಸಿನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಹುಡುಗರು ಮೋಟಾರ್ ಬೈಕ್ ರೇಸುಗಳನ್ನು ನೋಡಿ, ತಮ್ಮಲ್ಲಿದ್ದ ಗಿಡ್ಡ ಸೈಕಲ್ಲುಗಳನ್ನೇ ಮಣ್ಣಿನ ದಿಬ್ಬಗಳ ಮೇಲೆ ಹಾರಿಸಿದರು. ಆಟ ಹುಟ್ಟಿದ್ದು ಹೀಗೆ. 1982ರಲ್ಲಿ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. 2008ರ ಬೀಜಿಂಗ್‌ನಲ್ಲಿ ಒಲಿಂಪಿಕ್ಸ್‌ಗೆ ಸೇರಿತು. ಪ್ಯಾರಿಸ್‌ನ 2024ರ ಕೂಟದವರೆಗೆ ಭಾರತದವರು ಯಾರೂ ಇದರಲ್ಲಿ ಇಳಿದಿಲ್ಲ.

ಈ ಸೈಕಲ್ ನೋಡಲು ಮಕ್ಕಳ ಸೈಕಲ್ಲಿನಂತೆ ಕಾಣುತ್ತದೆ. ಇಪ್ಪತ್ತು ಇಂಚಿನ ಚಕ್ರ, ಒಂದೇ ಗೇರ್, ಹಿಂದಿನ ಚಕ್ರಕ್ಕೆ ಕೈಬ್ರೇಕು. ಸ್ಟ್ಯಾಂಡು, ಚೈನ್ ಕವರ್ ಇರಕೂಡದು. ಚೌಕಟ್ಟು ಉಕ್ಕಿನದು, ಅಲ್ಯುಮಿನಿಯಂನದು ಅಥವಾ ಕಾರ್ಬನ್ನಿನದು. ಬೆಲೆ ಏರುವುದು ಇಲ್ಲಿಯೇ. ಆದರೆ ದುಡ್ಡಿಗಿಂತ ಹೆಚ್ಚು ತಲೆ ಓಡಿಸಬೇಕಾದದ್ದು ಗೇರಿನ ವಿಷಯದಲ್ಲಿ. ಪೆಡಲಿನ ಕಡೆ 44 ಹಲ್ಲು, ಹಿಂದೆ 16 ಹಲ್ಲು ಎಂದರೆ ಪೆಡಲು ಒಂದು ಸುತ್ತು ಬಂದಾಗ ಚಕ್ರ ಎರಡೂ ಮುಕ್ಕಾಲು ಸುತ್ತು ತಿರುಗಿ, ಸೈಕಲ್ ನಾಲ್ಕು ಮೀಟರಿಗೂ ತುಸು ಹೆಚ್ಚು ಮುಂದೆ ಹೋಗುತ್ತದೆ. ಮುಂದಿನ ಹಲ್ಲು ಒಂದು ಕಡಿಮೆಯಾದರೆ ಗೇಟಿನಿಂದ ಚಿಮ್ಮುವುದು ಹಗುರ, ಆದರೆ ಇಳಿಜಾರಿನ ಕೆಳಗೆ ಕಾಲು ಸುಮ್ಮನೆ ಗಿರಗಿರ ತಿರುಗುತ್ತದೆ. ಒಂದು ಹೆಚ್ಚಾದರೆ ಇದರ ತದ್ವಿರುದ್ಧ. ಅಂಗಡಿಯವನು ಎಷ್ಟೇ ಒಳ್ಳೆಯ ಸೈಕಲ್ ಕೊಟ್ಟರೂ ಈ ಲೆಕ್ಕ ಸವಾರನ ಕಾಲಿಗೆ ತಕ್ಕಂತೆ ಹೊಂದಬೇಕು.

ಇನ್ನು ಸವಾರನ ವಿದ್ಯೆ. ಗೇಟು ಬೀಳುವ ಕ್ಷಣವನ್ನು ಮೊದಲೇ ಊಹಿಸಲಾಗದಂತೆ ಯಂತ್ರವೇ ಪ್ರತಿ ಸಲ ಬೇರೆ ಬೇರೆ ಅಂತರ ಬಿಡುತ್ತದೆ. ಸದ್ದು ಕೇಳಿದೊಡನೆ ಸೊಂಟವನ್ನು ಮುಂದೆ ಎಸೆದು ಮೊದಲ ಪೆಡಲು ತುಳಿಯಬೇಕು. ಮೊದಲ ತಿರುವಿಗೆ ಮುಂಚೆ ಮುಂದೆ ಬಂದವನನ್ನು ಹಿಂದಿನಿಂದ ಹಿಡಿಯುವುದು ಬಲು ಕಷ್ಟ. ಆಮೇಲೆ ಸಾಲು ದಿಬ್ಬಗಳು. ಅಲ್ಲಿ ಪೆಡಲು ತುಳಿಯಲು ಎಡೆಯೇ ಇರುವುದಿಲ್ಲ. ಏರುವಾಗ ಕೈಕಾಲು ಮಡಿಸಿ ಸೈಕಲ್ಲನ್ನು ಮೇಲೆ ಬಿಡಬೇಕು, ಇಳಿಯುವಾಗ ಒತ್ತಿ ತಳ್ಳಬೇಕು. ಬಲ್ಲವರು ಮುಂದಿನ ಚಕ್ರವನ್ನು ಎತ್ತಿ ಹಿಡಿದು ಹಿಂದಿನ ಚಕ್ರವೊಂದರಲ್ಲೇ ಸಾಲು ದಿಬ್ಬ ದಾಟುತ್ತಾರೆ. ಉಯ್ಯಾಲೆಯಲ್ಲಿ ಜೀಕುವ ಮಗು ಯಾರೂ ತಳ್ಳದೆ ಮೇಲೇರುತ್ತದಲ್ಲ, ಅದೇ ಬಗೆ. ಕಾರ್ಬನ್ ಚೌಕಟ್ಟು ಇದನ್ನು ಕಲಿಸಿಕೊಡುವುದಿಲ್ಲ.

ಬೀಜಿಂಗ್‌ನ ಮಹಿಳೆಯರ ಫೈನಲ್ ನೆನಪಿಸಿಕೊಳ್ಳಬಹುದು. ವಿಶ್ವ ಚಾಂಪಿಯನ್ ಆಗಿದ್ದ ಬ್ರಿಟನ್ನಿನ ಶನೇಜ್ ರೀಡ್ ಎರಡನೇ ಸ್ಥಾನದಲ್ಲಿದ್ದರು. ಕೊನೆಯ ತಿರುವಿನಲ್ಲಿ ಫ್ರಾನ್ಸಿನ ಆನ್ ಕ್ಯಾರೊಲಿನ್ ಶೋಸೋನ್ ಅವರನ್ನು ದಾಟಲು ಹೋಗಿ, ಚಕ್ರ ತಾಗಿ ಉರುಳಿದರು. ಪದಕವೇ ಇಲ್ಲ. ಸೈಕಲ್ಲಿನ ತಪ್ಪು ಅದಾಗಿರಲಿಲ್ಲ.

ಬ್ರಿಟನ್ನಿನವರೇ ಆದ ಬೆಥನಿ ಶ್ರೀವರ್ ಅವರ ಕಥೆ ಇನ್ನೂ ಹೇಳಿಕೊಳ್ಳುವಂಥದ್ದು. 2017ರಲ್ಲಿ ಅಲ್ಲಿನ ಕ್ರೀಡಾ ಸಂಸ್ಥೆ ಮಹಿಳಾ ಬಿಎಂಎಕ್ಸ್‌ಗೆ ಹಣ ನಿಲ್ಲಿಸಿತು. ಆಕೆ ಶಾಲೆಯಲ್ಲಿ ಸಹಾಯಕಿಯಾಗಿ ದುಡಿಯುತ್ತಾ, ಜನರಿಂದ ದೇಣಿಗೆ ಎತ್ತಿ, ಅರ್ಹತಾ ರೇಸುಗಳಿಗೆ ಓಡಾಡಿದರು. ಮುಂದೆ ನೆರವು ಮರಳಿತು. 2021ರಲ್ಲಿ ನಡೆದ ಟೋಕಿಯೊ ಕೂಟದಲ್ಲಿ ಚಿನ್ನ ಗೆದ್ದರು. ಗಮನಿಸಬೇಕಾದ ಮಾತೆಂದರೆ, ಆಕೆಯನ್ನು ಕಾಡಿದ್ದು ಸೈಕಲ್ಲಿನ ಬೆಲೆಗಿಂತ ಓಡಾಟದ, ತರಬೇತಿಯ ಖರ್ಚು. 2024ರ ಪ್ಯಾರಿಸ್‌ನಲ್ಲಿ ಅದೇ ಶ್ರೀವರ್ ಫೈನಲ್‌ವರೆಗೆ ಎಲ್ಲ ಓಟಗಳನ್ನೂ ಗೆದ್ದು, ಫೈನಲ್‌ನಲ್ಲಿ ಗೇಟಿನಿಂದಲೇ ಹಿಂದೆ ಬಿದ್ದು ಎಂಟನೆಯವರಾದರು.

ಹಾಗಾದರೆ ಸೈಕಲ್ ಹೇಗಿದ್ದರೂ ನಡೆಯುತ್ತದೆಯೇ? ಇಲ್ಲ. ಚೈನು ಜಾರಿದರೆ, ಫ್ರೀವೀಲ್ ತಡವಾಗಿ ಹಿಡಿದರೆ ಎಂಥ ಸವಾರನೂ ಗೇಟಿನಲ್ಲೇ ಸೋತ. ಸೈಕಲ್ಲಿನ ಗುಣ ಎಲ್ಲಕ್ಕಿಂತ ಹೆಚ್ಚು ಲೆಕ್ಕಕ್ಕೆ ಬರುವುದು, ವಿಚಿತ್ರವೆಂದರೆ, ಒಲಿಂಪಿಕ್ಸ್‌ನಲ್ಲಲ್ಲ, ಮಕ್ಕಳಲ್ಲಿ. ಎಂಬತ್ತು ಕಿಲೋ ತೂಗುವ ಆಳಿಗೆ ಸೈಕಲ್ ಅರ್ಧ ಕಿಲೋ ಹಗುರವಾದರೆ ದೊಡ್ಡ ವ್ಯತ್ಯಾಸವಾಗದು. ಇಪ್ಪತ್ತೈದು ಕಿಲೋದ ಹುಡುಗಿಗೆ ಹನ್ನೆರಡು ಕಿಲೋದ ಸೈಕಲ್ ಕೊಟ್ಟರೆ ತನ್ನ ಅರ್ಧ ತೂಕವನ್ನು ಆಕೆ ದಿಬ್ಬದ ಮೇಲೆ ಎತ್ತಬೇಕು. ಕಲಿತದ್ದೂ ಕೈಗೆ ಹತ್ತುವುದಿಲ್ಲ.

ಬೆಳೆಯುವ ಮಕ್ಕಳು, ಎರಡು ವರ್ಷ ಬರಲಿ ಎಂದು ಅಂಗಿಯಂತೆ ಸೈಕಲ್ಲನ್ನೂ ದೊಡ್ಡ ಅಳತೆಯದ್ದು ತರುವ ಅಭ್ಯಾಸ ನಮ್ಮಲ್ಲಿದೆ. ಈ ಆಟದಲ್ಲಿ ಅದು ಸಲ್ಲದು. ಇದರಲ್ಲಿ ಚೌಕಟ್ಟಿನ ಅಳತೆಗಳು ಮಕ್ಕಳ ಎತ್ತರಕ್ಕೆ ತಕ್ಕಂತೆ ಹಲವು ಇವೆ. ಎತ್ತರಕ್ಕೆ ಹೊಂದುವ, ಬಳಸಿದ ಹಗುರ ಸೈಕಲ್ ತಂದು, ಉಳಿದ ಹಣದಲ್ಲಿ ಗದ್ದದವರೆಗೂ ಮುಚ್ಚುವ ಹೆಲ್ಮೆಟ್, ಕೈಗವಸು, ಒಂದು ಜೊತೆ ಹೊಸ ಟಯರು ಕೊಳ್ಳುವುದು ಮೇಲು.