ಏರಿ ಒಡೆದಾಗಲೆಲ್ಲ

ಕೋಲಾರ ಜಿಲ್ಲೆಯ ಬೇತಮಂಗಲದ ಕೆರೆಗೆ ಸಾವಿರ ವರ್ಷ ಮೀರಿದ ಚರಿತ್ರೆಯಿದೆ, ಅದರಲ್ಲಿ ನಮಗೆ ತಿಳಿದಿರುವುದರ ಬಹುಪಾಲು ಒಡೆದದ್ದು ಮತ್ತು ಕಟ್ಟಿದ್ದು. ಪಾಲಾರ್ ಹೊಳೆಗೆ ಅಡ್ಡಲಾಗಿ ಹಾಕಿದ ಈ ಮಣ್ಣಿನ ಏರಿ 10ನೇ ಶತಮಾನದಲ್ಲಿ, ನೊಳಂಬರ ಕಾಲಕ್ಕಾಗಲೇ ಒಮ್ಮೆ ಒಡೆದು ದುರಸ್ತಿ ಕಂಡಿತ್ತು. 12ನೇ ಶತಮಾನದಲ್ಲಿ ಹೊಯ್ಸಳರ ದಂಡನಾಯಕ ಚೋಕಿಮಯ್ಯ ಮತ್ತೆ ಕಟ್ಟಿಸಿದ. 1903ರ ನವೆಂಬರಿನ ಮಳೆಗೆ ಅದು ಇನ್ನೊಮ್ಮೆ ಒಡೆಯಿತು. ಆ ನೀರು ಗಡಿ ದಾಟಿ, ಈಗಿನ ತಮಿಳುನಾಡಿನಲ್ಲಿರುವ ಕೆಳಗಿನ ವಾಣಿಯಂಬಾಡಿಯನ್ನು ಕೊಚ್ಚಿಕೊಂಡು ಹೋಯಿತು. ಹಿಂದಿನವರು ಕಟ್ಟಿದ ಕೆರೆಗಳು ಸಾವಿರ ವರ್ಷ ಅಲ್ಲಾಡದೆ ನಿಂತವು ಎನ್ನುವುದು ಭಾಷಣಕ್ಕೆ ಚೆನ್ನಾದ ಮಾತು. ಶಾಸನಗಳು ಹೇಳುವುದು ಬೇರೆ: ಕೆರೆ ಉಳಿದದ್ದು ಗಟ್ಟಿಯಾಗಿ ಕಟ್ಟಿದ್ದರಿಂದಲ್ಲ, ಬಿಡದೆ ಕೈಯಾಡಿಸಿದ್ದರಿಂದ. ಆ ಕೈಕೆಲಸವನ್ನು ಹತ್ತಿರದಿಂದ ನೋಡಿದರೆ ಏರಿಯನ್ನು ಕಾಯುವುದೂ ಕೆರೆಯ ಜೀವವನ್ನು ಕಾಯುವುದೂ ಎರಡು ಕೆಲಸಗಳಾಗಿರಲಿಲ್ಲ ಎಂಬುದು ಗೊತ್ತಾಗುತ್ತದೆ.

ಮಣ್ಣಿನ ಏರಿ ಸಾಯುವ ಬಗೆ ಹೆಚ್ಚೇನಿಲ್ಲ. ನೀರು ನೆತ್ತಿಯ ಮೇಲೆ ಹತ್ತಿ ಹರಿದರೆ ಕೆಲವೇ ಗಂಟೆಗಳಲ್ಲಿ ಮಣ್ಣು ಕರಗುತ್ತದೆ. ಇಲ್ಲವೇ ಒಳಗಿನಿಂದ ಒಸರು ಹುಟ್ಟಿ, ಇಲಿ ಬಿಲವನ್ನೋ ಸತ್ತ ಮರದ ಬೇರಿನ ಪೊಳ್ಳನ್ನೋ ಹಿಡಿದು, ಹೊರಮೈಯಲ್ಲಿ ಕೆಸರಾಗಿ ಕಾಣಿಸಿಕೊಳ್ಳುವ ಹೊತ್ತಿಗೆ ಹೊತ್ತು ಮೀರಿರುತ್ತದೆ. ಇದು ಹಿಂದಿನವರಿಗೆ ಚೆನ್ನಾಗಿ ಗೊತ್ತಿತ್ತು. ವಿಜಯನಗರದ ಬುಕ್ಕರಾಯನ ಮಗ ಭಾಸ್ಕರ ಕಡಪ ಸೀಮೆಯ ಪೋರುಮಾಮಿಳ್ಳದಲ್ಲಿ ಹಾಕಿಸಿದ 1369ರ ಶಾಸನ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ತಟ್ಟುವ ಆರು ದೋಷಗಳನ್ನೂ ಎಣಿಸುತ್ತದೆ. ಏರಿಯಲ್ಲಿ ನೀರು ಜಿನುಗುವುದು ಒಂದು ದೋಷ, ಜಾಗ ಕಡಿಮೆಯಿದ್ದು ನೀರು ಮಿತಿಮೀರುವುದು ಇನ್ನೊಂದು. ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಕಟ್ಟುವುದೂ ದೋಷವೇ. ವಾಣಿಯಂಬಾಡಿಯ ಕಥೆ ತಿಳಿದವರಿಗೆ ಅದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಮಿತಿಮೀರಿದ ನೀರಿಗೆ ಮದ್ದು ಕೋಡಿ. ಹಳೆಯ ಕೋಡಿಗಳ ಮೇಲೆ ಸಾಲಾಗಿ ನೆಟ್ಟ ಗಿಡ್ಡ ಕಲ್ಲುಗಳನ್ನು ಈಗಲೂ ಅಲ್ಲಲ್ಲಿ ಕಾಣಬಹುದು. ಮಳೆಗಾಲ ಮುಗಿಯುವ ಹೊತ್ತಿಗೆ ಆ ಕಲ್ಲುಗಳ ನಡುವೆ ಹುಲ್ಲುಹೆಂಟೆ, ಕೆಸರು ಮೆತ್ತಿ ಒಂದೆರಡು ಅಡಿ ನೀರು ಹೆಚ್ಚಿಗೆ ಹಿಡಿಯುತ್ತಿದ್ದರು. ದೊಡ್ಡ ಮಳೆ ಬರುವ ಮುನ್ನ ಅದನ್ನು ಕಿತ್ತೊಗೆಯಲೇಬೇಕು. ಒಂದು ಫಸಲಿನ ಆಸೆಯೂ ಊರಿನ ಪ್ರಾಣವೂ ಆ ಹಿಡಿ ಕೆಸರಿನಲ್ಲಿ ಒಟ್ಟಿಗಿದ್ದವು. ಯಾವಾಗ ಮೆತ್ತಬೇಕು, ಯಾವಾಗ ಕೀಳಬೇಕು ಎಂಬುದನ್ನು ಕೆರೆಯ ಮುಂದೆಯೇ ಬಾಳುವವರು ಅರಿಯಬೇಕಿತ್ತು.

ಇನ್ನು ಹೂಳು. ಕೆರೆಯ ಖರ್ಚಿಗೆಂದು ಬಿಟ್ಟ ಗದ್ದೆ, ಆದಾಯದ ಪಾಲುಗಳು ಶಾಸನಗಳಲ್ಲಿ ಬಿತ್ತುವಟ್ಟ, ದಸವಂದ ಎಂಬ ಹೆಸರಿನಲ್ಲಿ ಮತ್ತೆ ಮತ್ತೆ ಬರುತ್ತವೆ. ಮಣ್ಣು ಸಾಗಿಸುವ ಬಂಡಿಗೆ, ಅದನ್ನೆಳೆಯುವ ಕೋಣಗಳಿಗೆ ದತ್ತಿ ಬಿಟ್ಟವರೂ ಇದ್ದಾರೆ. ಕೆರೆಯಂಗಳ ಮೇಲೇರಿದಷ್ಟೂ ನೀರು ಬೇಗ ಕೋಡಿ ಮುಟ್ಟುತ್ತದೆ, ಒಮ್ಮೆಲೇ ಬಂದ ಮಳೆಯನ್ನು ನುಂಗುವ ಹೊಟ್ಟೆ ಕಿರಿದಾಗುತ್ತದೆ. ಹಾಗಾಗಿ ಗೋಡು, ಅಂದರೆ ಆ ಹೂಳುಮಣ್ಣು, ಎತ್ತುವುದು ಏರಿಯ ರಕ್ಷಣೆಯ ಕೆಲಸ. ಆದರೆ ಬೇಸಿಗೆಯಲ್ಲಿ ರೈತ ಅದನ್ನು ಹೊತ್ತೊಯ್ದದ್ದು ಏರಿಯ ಚಿಂತೆಯಿಂದಲ್ಲ, ಹೊಲಕ್ಕೆ ಗೊಬ್ಬರವೆಂದು. ಮೇಲಿನ ಹೊಲಗಳಿಂದ ಮಳೆ ಕದ್ದು ತಂದ ಮಣ್ಣು ಮತ್ತೆ ಹೊಲಕ್ಕೇ ಮರಳುತ್ತಿತ್ತು. ನೀರಿಳಿದ ಅಂಗಳದಲ್ಲಿ ದನ ಮೇಯುತ್ತಿದ್ದವು, ಕೆಸರಂಚಿನಲ್ಲಿ ಕೊಕ್ಕರೆಗಳು ಮೀನು ಹೆಕ್ಕುತ್ತಿದ್ದವು, ಇಂಗಿದ ನೀರು ಕೆಳಗಿನ ಬಾವಿಗಳಲ್ಲಿ ಏಳುತ್ತಿತ್ತು. ಮನುಷ್ಯ ಕಟ್ಟಿದ ಕೆರೆಯಲ್ಲಿ ಪ್ರಕೃತಿಯೆಲ್ಲಿ ಎಂದು ಕೇಳುವವರು ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹೋಗಬೇಕು. ಹಿಮಾಲಯ ದಾಟಿ ಬಂದ ಪಟ್ಟೆತಲೆ ಹೆಬ್ಬಾತುಗಳಿಗೆ ಅದು ಯಾರು ಕಟ್ಟಿದ್ದೆಂಬ ತಕರಾರಿಲ್ಲ. ಆ ಕೆರೆಯೂ ಕರಿಜಾಲಿ ಮರಗಳ ಅಂಕಸಮುದ್ರ ಕೆರೆಯೂ 2024ರಲ್ಲಿ ಜೌಗುಪ್ರದೇಶಗಳ ಅಂತರರಾಷ್ಟ್ರೀಯ ರಾಮ್ಸಾರ್ ಪಟ್ಟಿಗೆ ಸೇರಿದವು.

ಇದೆಲ್ಲ ಹಳೆಯದರ ಹಾಡಿ ಹೊಗಳಿಕೆ ಎಂಬ ಆಕ್ಷೇಪ ಸುಳ್ಳಲ್ಲ. ಕೆರೆಯ ಮಣ್ಣು ಹೊತ್ತವರಲ್ಲಿ ಬಿಟ್ಟಿ ದುಡಿದವರಿದ್ದರು. ರಾತ್ರಿ ಏರಿ ಕಾದ ನೀರುಗಂಟಿ ಎಷ್ಟೋ ಊರುಗಳಲ್ಲಿ ದಲಿತ, ಅಚ್ಚುಕಟ್ಟಿನ ಗದ್ದೆ ಮಾತ್ರ ಬೇರೆಯವರದು. ಕೃಷ್ಣದೇವರಾಯನ ಕಾಲಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಬರೆದದ್ದು ಇನ್ನೂ ಕಟುವಾಗಿದೆ: ವಿಜಯನಗರದ ಹೊರಗೆ ಕಟ್ಟುತ್ತಿದ್ದ ದೊಡ್ಡ ಕೆರೆ ಎರಡು ಮೂರು ಸಲ ಒಡೆದಾಗ ಅರವತ್ತು ಮಂದಿಯನ್ನು ಬಲಿ ಕೊಡಲಾಯಿತಂತೆ. ಏರಿ ನಿಲ್ಲಲು ಹೆಣ್ಣು ಆಹುತಿಯಾದ ಕಥೆಗಳು ನಮ್ಮ ಜನಪದದಲ್ಲಿ ಸುಮ್ಮನೆ ಹುಟ್ಟಿದವಲ್ಲ. ಆದರೆ ಈ ಅನ್ಯಾಯ ಇದ್ದದ್ದು ದುಡಿಮೆಯ ಹಂಚಿಕೆಯಲ್ಲಿ, ದುಡಿಮೆಯ ಅಗತ್ಯದಲ್ಲಲ್ಲ. ಬಿಟ್ಟಿ ಹೋಗಬೇಕಿತ್ತು, ಹೋಯಿತು. ಅದರ ಜಾಗಕ್ಕೆ ಕೂಲಿ ಕೊಟ್ಟು ವರ್ಷ ವರ್ಷ ಮಾಡಿಸುವ ಏರ್ಪಾಡು ಮಾತ್ರ ಸರಿಯಾಗಿ ಬರಲಿಲ್ಲ. ಮೈಸೂರು ಸಂಸ್ಥಾನ 1911ರಲ್ಲಿ ಕೆರೆ ಪಂಚಾಯತಿಗಳ ಕಾಯ್ದೆಯನ್ನೇ ತಂದಿತು. ಆದರೆ ಹೊಣೆಯನ್ನು ಕಾಗದದ ಮೇಲೆ ಊರಿಗೆ ಒಪ್ಪಿಸಿದ ಮಾತ್ರಕ್ಕೆ ಊರು ಗುದ್ದಲಿ ಹಿಡಿಯುವುದಿಲ್ಲ.

ಏರಿಗೆ ಕಾಂಕ್ರೀಟ್ ಹಾಕಿಬಿಟ್ಟರೆ ಈ ರಗಳೆಯೇ ಇರುವುದಿಲ್ಲವಲ್ಲ ಎನ್ನಬಹುದು. ಒಂದೇ ಕೆರೆಯಾಗಿದ್ದರೆ ಆ ಮಾತನ್ನು ಒಪ್ಪಬಹುದಿತ್ತು. ಬಯಲುಸೀಮೆಯ ಕೆರೆಗಳು ಸರಣಿಯಲ್ಲಿವೆ: ಮೇಲಿನದರ ಕೋಡಿ ನೀರು ಕೆಳಗಿನದಕ್ಕೆ ಒಳಹರಿವು. 1860ರ ದಶಕದಲ್ಲೇ ಮೈಸೂರಿನ ಮುಖ್ಯ ಎಂಜಿನಿಯರ್ ಸ್ಯಾಂಕಿ, ಸಂಸ್ಥಾನದ ನೂರಕ್ಕೆ ಸುಮಾರು ಅರವತ್ತು ಪಾಲು ನೆಲ ಕೆರೆಗಳ ಜಾಲಕ್ಕೆ ಸೇರಿಹೋಗಿದೆ, ಹೊಸ ಕೆರೆಗೆ ಜಾಗ ಹುಡುಕುವುದೇ ಕಷ್ಟ ಎಂದಿದ್ದ. ಇಂಥ ಜಾಲದಲ್ಲಿ ಒಂದು ಏರಿಯನ್ನು ಎಷ್ಟು ಬಿಗಿ ಮಾಡಿದರೂ ಮೇಲಿನ ಕೆರೆಯ ಹೂಳು, ನಡುವಿನ ಒತ್ತುವರಿಯಾದ ರಾಜಕಾಲುವೆ ಅದನ್ನು ಪರೀಕ್ಷಿಸಿಯೇ ತೀರುತ್ತವೆ. ಕೋಲಾರದಲ್ಲಿ ಈಗ ಹಿಂದಿಲ್ಲದ ಸನ್ನಿವೇಶ ಬೇರೆ ಇದೆ. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಅಲ್ಲಿನ ಕೆರೆಗಳಿಗೆ ಬರುತ್ತಿದೆ. ಒಣಗಿದ ಜಿಲ್ಲೆಗೆ ನೀರು ಬೇಡವೆನ್ನಲು ಯಾರಿಗೂ ಬಾಯಿ ಬರುವುದಿಲ್ಲ. ಆದರೆ ಬೇಸಿಗೆಯಲ್ಲೂ ತುಂಬಿ ನಿಂತ ಕೆರೆಯಲ್ಲಿ ಗೋಡು ಎತ್ತುವ ದಿನವೇ ಬರುವುದಿಲ್ಲ, ಏರಿಯ ಒಳಮೈಯ ಕಲ್ಲು ಜರುಗಿದೆಯೇ ಎಂದು ನೋಡಲು ನೀರು ಇಳಿಯುವುದಿಲ್ಲ, ಮುಂಗಾರಿನ ಮೊದಲ ದೊಡ್ಡ ಮಳೆಗೆ ಒಳಗೆ ಜಾಗವೂ ಇರುವುದಿಲ್ಲ.